ಗಾಳಿಯಿಲ್ಲದೆ ಓಡುವ ಟೈರು, ಎಷ್ಟು ದೂರ?

‘ಬೇಸಿಗೆಯಲ್ಲಿ ಟೈರಿಗೆ ಗಾಳಿ ಕಡಿಮೆಯೇ ಇರಲಿ, ಬಿಸಿಗೆ ಸಿಡಿದೀತು’ ಎಂಬ ಸಲಹೆ ಮೈಸೂರಿನ ಪೆಟ್ರೋಲ್ ಬಂಕುಗಳಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ. ದಯವಿಟ್ಟು ಕೇಳಬೇಡಿ. ಗಾಳಿ ಕಡಿಮೆಯಾದ ಟೈರೇ ಹೆಚ್ಚು ಬಿಸಿಯಾಗಿ ಸಿಡಿಯುತ್ತದೆ. ಏಕೆಂದು ತಿಳಿದರೆ, ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರು ಬೇಕೋ ಮಾಮೂಲಿ ಟ್ಯೂಬ್‌ಲೆಸ್ ಸಾಕೋ ಎಂಬುದೂ ತಾನಾಗಿ ಬಗೆಹರಿಯುತ್ತದೆ.

ಕಾರಿನ ಭಾರ ಹೊರುವುದು ಬಹುಮಟ್ಟಿಗೆ ಗಾಳಿಯೇ. ಗಾಳಿಯ ಒತ್ತಡ 33 ಪಿಎಸ್ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. ಜನರೂ ಸೇರಿ 1,200 ಕಿಲೋ ತೂಗುವ ಕಾರಿನಲ್ಲಿ ಚಕ್ರವೊಂದಕ್ಕೆ 300 ಕಿಲೋ. ಭಾಗಿಸಿ ನೋಡಿ: ನೆಲಕ್ಕೆ ತಾಗುವ ಜಾಗ ಸುಮಾರು 130 ಚದರ ಸೆಂಟಿಮೀಟರ್, ಒಂದು ಅಂಚೆ ಕಾರ್ಡಿನಷ್ಟು! ಗಾಳಿ ಇಳಿದರೆ ಈ ಜಾಗ ಹಿಗ್ಗಬೇಕು, ಹಿಗ್ಗಲು ಟೈರಿನ ಪಕ್ಕದ ಗೋಡೆ ಇನ್ನಷ್ಟು ಬಾಗಬೇಕು. ಚಕ್ರದ ಪ್ರತಿ ಸುತ್ತಿಗೂ ಗೋಡೆಯ ಪ್ರತಿಯೊಂದು ಭಾಗ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಬಾಗಿಸಿದ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಒಳಗೇ ಉಳಿಯುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 12 ಸುತ್ತು. ಶಾಖ ಆರಲು ಪುರಸೊತ್ತೇ ಇಲ್ಲ. ರಬ್ಬರು ಮೆತ್ತಗಾಗಿ, ಒಳಗಿನ ನೂಲಿನ ಪದರದಿಂದ ಬಿಟ್ಟುಕೊಂಡು, ಕೊನೆಗೆ ಹರಿಯುತ್ತದೆ.

ರಬ್ಬರಿನೊಳಗೆ ಗಾಳಿ ತುಂಬುವ ಯೋಚನೆಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಮರೆತೇಹೋಯಿತು. ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಅದನ್ನೇ ಹೊಸದಾಗಿ ಕಂಡುಕೊಂಡು 1888ರಲ್ಲಿ ಪೇಟೆಂಟ್ ಪಡೆದವರು ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್. ಗಾಳಿಯ ಸುಖದ ಹಿಂದೆಯೇ ಪಂಕ್ಚರಿನ ಕಾಟವೂ ಬಂತು.

ಆ ಕಾಟಕ್ಕೆ ಹುಡುಕಿದ ಉಪಾಯಗಳಲ್ಲಿ ರನ್‌ಫ್ಲಾಟ್ ಒಂದು. ಅದಕ್ಕೆ ಪಂಕ್ಚರೇ ಆಗುವುದಿಲ್ಲ ಎಂದು ನಂಬಿದವರಿದ್ದಾರೆ. ಮೊಳೆ ಹೊಕ್ಕರೆ ಅದರ ಗಾಳಿಯೂ ಹೋಗುತ್ತದೆ. ದಪ್ಪ ಗೋಡೆ ಭಾರವನ್ನು ಸ್ವಲ್ಪ ಹೊತ್ತು ತಾನೇ ಹೊರುತ್ತದೆ, ಅಷ್ಟೆ. ಸಾಮಾನ್ಯ ಮಿತಿ 80 ಕಿ.ಮೀ. ದೂರ, ಗಂಟೆಗೆ 80 ಕಿ.ಮೀ. ವೇಗ. ಅಷ್ಟರಲ್ಲಿ ಗೋಡೆ ಸುಮಾರು 42,000 ಸಲ ಬಾಗಿರುತ್ತದೆ. ಹಾಗೆ ಓಡಿದ ಟೈರನ್ನು ರಿಮ್ಮಿನಿಂದ ಬಿಡಿಸಿದರೆ ಒಳಗಿನಿಂದ ಕಪ್ಪು ರಬ್ಬರ್ ಪುಡಿ ಉದುರುವುದುಂಟು. ಗೋಡೆ ಒಳಗೊಳಗೇ ಸವೆದಿರುತ್ತದೆ. ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಬದಲಿಸುವುದೇ ಕ್ಷೇಮ.

ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ. ಆಸುಪಾಸು. ರಾತ್ರಿ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳು ಬೀಸಿಹೋಗುವ ಕಡೆ ಜ್ಯಾಕ್ ಹಾಕಿ ಕೂರದೆ ಊರು ಸೇರಬಹುದೆಂಬುದು ರನ್‌ಫ್ಲಾಟಿನ ನಿಜವಾದ ಬೆಲೆ. ಒಂಟಿಯಾಗಿ ಓಡಾಡುವವರಿಗೆ ಅದು ಸಣ್ಣದಲ್ಲ. ಆದರೆ ದುಬಾರಿ, ಗಡಸು, ನಿಮ್ಮ ಅಳತೆಯದು ಅಂದೇ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ. ಟ್ಯೂಬ್‌ಲೆಸ್ ಆದರೆ ಮದ್ದೂರು, ಪಾಂಡವಪುರ ಎಲ್ಲಾದರೂ ಸರಿ, ಪಂಕ್ಚರ್ ಅಂಗಡಿಯವರು ಸೋಪಿನ ನೀರು ಬಳಿದು ಗುಳ್ಳೆ ಏಳುವ ಜಾಗ ಹಿಡಿಯುತ್ತಾರೆ, ಇಕ್ಕಳದಿಂದ ಮೊಳೆ ಕಿತ್ತು, ಅಂಟಿನ ಪಟ್ಟಿ ತುರುಕಿ, ಹೊರಗುಳಿದ ತುದಿ ಕತ್ತರಿಸಿ ಕಳಿಸುತ್ತಾರೆ. ಹಳ್ಳಿ ದಾರಿ ಹೆಚ್ಚಿರುವ ನಮ್ಮ ಕಡೆಗೆ ಟ್ಯೂಬ್‌ಲೆಸ್ ಮತ್ತು ಒಂದು ಸ್ಟೆಪ್ನಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರ ನಿಯಮ ಹೇಳುತ್ತದೆ. ಆದರೆ ಗುಂಡಿಯ ಅಂಚಿಗೆ ಬಡಿದು ಗೋಡೆ ಸೀಳಿದರೆ ಆ ಕಿಟ್ ಏನು ಮಾಡೀತು?

ಆಯುಧಪೂಜೆಗೆ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡುವ ಮನೆಗಳಲ್ಲಿ ಡಿಕ್ಕಿಯ ಸ್ಟೆಪ್ನಿಗೆ ವರ್ಷವಿಡೀ ಗಾಳಿ ನೋಡದಿರುವುದು ನನ್ನನ್ನು ಕಾಡುತ್ತದೆ. ಟೈರನ್ನು ಕಾಯುವುದು ನಿಂಬೆಹಣ್ಣಲ್ಲ, ಗಾಳಿ. ತಿಂಗಳಿಗೊಮ್ಮೆ, ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ಐದಕ್ಕೂ ನೋಡಿಸಿ. ಎಷ್ಟಿರಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಹೆಚ್ಚಾಗಿ ಬರೆದಿರುತ್ತದೆ. ಟ್ಯೂಬ್‌ಲೆಸ್ಸಿನಲ್ಲಿ ಮೊಳೆ ಕಂಡರೆ ದಾರಿಯಲ್ಲಿ ಕೀಳಬೇಡಿ, ರಂಧ್ರಕ್ಕೆ ಸದ್ಯ ಅದೇ ಬಿರಡೆ. ಸ್ಟೆಪ್ನಿ ಹಾಕುವಾಗ ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟು, ನಟ್ಟುಗಳನ್ನು ಮೊದಲು ಸಡಿಲಿಸಿ, ಆಮೇಲೆ ಜ್ಯಾಕ್ ಎತ್ತಿ.