ಆವಕ, ಪಟ್ಟಿ, ಬಾಕಿ: ಒಂದೇ ಪ್ರೋಗ್ರಾಂ, ಮೂರು ಕೆಲಸ

ಸಿಂಧನೂರಿನ ಭತ್ತದ ಅಡತಿ ಅಂಗಡಿಯೊಂದಕ್ಕೆ ಪೈಥಾನ್‌ನಲ್ಲಿ ಪುಟ್ಟ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೌಸ್ ಬೇಕಿಲ್ಲ, ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು. ಆದರೆ ಚೀಲ, ದರ, ತೇವಾಂಶ, ಹಮಾಲಿ ಎಲ್ಲವನ್ನೂ ಒಂದೇ ಕಡೆ ತುರುಕಿದ್ದೆ. ಹಾಗಾಗಿ ಬರೀ ಬಾಕಿ ನೋಡಬೇಕೆಂದವರನ್ನೂ ಅದು ‘ತೇವಾಂಶ ಎಷ್ಟು?’ ಎಂದು ತಡೆಯುತ್ತಿತ್ತು.

ಇದಕ್ಕೆ ಮದ್ದು ಉಪ-ಆಜ್ಞೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಪ್ರೋಗ್ರಾಂ ಇದೆಯಲ್ಲ, ಅದರ ‘ಗಿಟ್ ಕಮಿಟ್’, ‘ಗಿಟ್ ಪುಶ್’ ಎನ್ನುವಲ್ಲಿ ಪ್ರೋಗ್ರಾಂ ಒಂದೇ, ಯಾವ ಕೆಲಸ ಎಂಬುದನ್ನು ಎರಡನೆಯ ಪದ ಹೇಳುತ್ತದೆ. ಪೈಥಾನ್‌ನಲ್ಲಿ ಈ ಸೌಕರ್ಯ ಆರ್ಗ್‌ಪಾರ್ಸ್ ಎಂಬ ಸಿದ್ಧ ಕೋಡಿನ ಭಂಡಾರದಲ್ಲಿದೆ; 2010ರಲ್ಲಿ 2.7ನೇ ಆವೃತ್ತಿಯ ಜೊತೆ ಬಂದದ್ದು. ‘ಆವಕ’, ‘ಪಟ್ಟಿ’, ‘ಬಾಕಿ’ ಮೂರಕ್ಕೂ ಬೇರೆ ಬೇರೆ ಪಾರ್ಸರ್, ಅಂದರೆ ಟೈಪ್ ಮಾಡಿದ ಸಾಲನ್ನು ಬಿಡಿಸಿ ಅರ್ಥಮಾಡಿಕೊಳ್ಳುವ ಭಾಗ, ಮಾಡಿದೆ. ಈಗ ತೇವಾಂಶದ ಪ್ರಶ್ನೆ ಆವಕದ್ದು ಮಾತ್ರ.

ಮುಖ್ಯ ಪಾರ್ಸರ್ ಎಡದಿಂದ ಓದುತ್ತ ಬರುತ್ತದೆ. ‘ಆವಕ’ ಸಿಕ್ಕಿತೋ, ಮುಂದಿನದನ್ನೆಲ್ಲ ಆವಕದ ಪಾರ್ಸರಿಗೆ ಒಪ್ಪಿಸಿಬಿಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಉಪಕಾಲುವೆಗೆ ತಿರುಗಿದ ನೀರು ಮತ್ತೆ ಹಿಂದಕ್ಕೆ ಬರುತ್ತದೆಯೇ? ಹಾಗೆಯೇ ಇದು. ಯಾವ ಕಡತ ತೆರೆಯಬೇಕು ಎಂಬಂಥ ಮುಖ್ಯ ಪಾರ್ಸರಿನ ಆಯ್ಕೆಗಳನ್ನು ಉಪ-ಆಜ್ಞೆಗಿಂತ ಮೊದಲೇ ಬರೆಯಬೇಕು. ಆಮೇಲೆ ಬರೆದರೆ ಗುರುತಿಲ್ಲದ ಪದ ಎಂಬ ದೋಷ ಬರುತ್ತದೆ.

ಒಂದು ದಿನ ಗುಮಾಸ್ತರ ಫೋನು. “ಸರ, ಇದು ಏನೂ ಅನವಲ್ದು!” ಅವರು ಬರೀ ಪ್ರೋಗ್ರಾಮಿನ ಹೆಸರು ಟೈಪ್ ಮಾಡಿದ್ದರು. ಪೈಥಾನ್ 3ರಲ್ಲಿ ಉಪ-ಆಜ್ಞೆ ಬಿಟ್ಟರೂ ಆರ್ಗ್‌ಪಾರ್ಸ್ ತಾನಾಗಿ ತಕರಾರು ಎತ್ತುವುದಿಲ್ಲ, ಅದು ಕಡ್ಡಾಯವೆಂದು ನಾವೇ ಹೇಳಬೇಕು. 3.7ರಿಂದ ಅದಕ್ಕೆ ‘ರಿಕ್ವೈರ್ಡ್’ ಎಂಬ ಆಯ್ಕೆ ಇದೆ. ನಾನು ಕೊಟ್ಟಿರಲಿಲ್ಲ, ತಪ್ಪು ನನ್ನದು. ಜೊತೆಗೆ ‘ಡೆಸ್ಟ್’ ಎಂಬ ಆಯ್ಕೆಯಲ್ಲಿ ಉಪ-ಆಜ್ಞೆಯ ಜಾಗಕ್ಕೆ ಒಂದು ಹೆಸರನ್ನೂ ಕೊಟ್ಟರೆ ಬಿಟ್ಟುಹೋದದ್ದು ಏನೆಂದು ದೋಷದ ಸಾಲೇ ತಿಳಿಸುತ್ತದೆ.

ಉಪ-ಆಜ್ಞೆಯ ಹೆಸರು ಕನ್ನಡ ಲಿಪಿಯಲ್ಲೇ ಇರಬಹುದು ಎಂಬುದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಸಂಗತಿ. ಗುಮಾಸ್ತರು ತಮ್ಮ ವಹಿಯಲ್ಲಿ ಬರೆಯುವ ಪದವನ್ನೇ ಇಲ್ಲೂ ಟೈಪ್ ಮಾಡುತ್ತಾರೆ. ಆದರೆ ಒಂದು ಎಚ್ಚರ ಬೇಕು. ‘ತೋರಿಸು’ ಎಂಬ ಆಜ್ಞೆ ಇದೆ ಎನ್ನಿ; ಅದರ ‘ೋ’ ಸ್ವರಚಿಹ್ನೆಯನ್ನು ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿಯಾಗಿ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪಾರ್ಸರಿಗೆ ಬೇರೆ ಬೇರೆ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ ಪದಕ್ಕೆ ಅದು ‘ಇಂಥ ಆಜ್ಞೆ ಇಲ್ಲ’ ಎಂದುಬಿಡಬಹುದು. ಅದಕ್ಕೇ ಈಗ ಟೈಪ್ ಮಾಡಿದ್ದನ್ನೆಲ್ಲ ಮೊದಲು ಪೈಥಾನ್‌ನ ಯೂನಿಕೋಡ್‌ಡೇಟಾ ಭಂಡಾರದಿಂದ ಒಂದೇ ರೂಪಕ್ಕೆ ತಂದು, ಆಮೇಲಷ್ಟೇ ಪಾರ್ಸರಿಗೆ ಕೊಡುತ್ತೇನೆ.