ಮೆಡೂಸಾಗೆ ಹಾವಿನ ಕೂದಲು ಕೊಟ್ಟಿದ್ದು ಯಾರು?

ಮೆಡೂಸಾ ಅಂದ್ರೆ ಗ್ರೀಕ್ ಪುರಾಣದ ಹಾವಿನ ಕೂದಲಿನವಳು, ಅವಳ ಮುಖ ನೋಡಿದವರು ಕಲ್ಲಾಗಿಬಿಡ್ತಾರೆ. ಅವಳ ಕಥೆ ಈಗ ಎಷ್ಟು ಗೋಜಲಾಗಿದೆ ಅಂದ್ರೆ ಹೆಸರು ಎತ್ತಿದ್ರೆ ಸಾಕು, ಮೂರು ಗುಂಪು ಎದ್ದು ನಿಲ್ಲುತ್ತೆ. ಹುಟ್ಟಿದಾಗ್ಲೇ ರಾಕ್ಷಸಿ ಅನ್ನೋರು ಒಂದು ಕಡೆ. ದೇವಸ್ಥಾನದಲ್ಲಿ ಅವಳ ಮೇಲೆ ಅತ್ಯಾಚಾರ ಆಯ್ತು, ಆದ್ರೆ ಶಾಪ ತಗುಲಿದ್ದು ಅವಳಿಗೇ ಅನ್ನೋರು ಇನ್ನೊಂದು ಕಡೆ. ಅದು ಶಾಪವೇ ಅಲ್ಲ, ಇನ್ಮೇಲೆ ಯಾವ ಗಂಡಸೂ ಮುಟ್ಟಬಾರದು ಅಂತ ದೇವಿ ಅಥೀನಾ ಕೊಟ್ಟ ರಕ್ಷಣೆ ಅನ್ನೋರು ಮೂರನೆಯವರು. ಒರಿಜಿನಲ್ ಕಥೆ ನಮ್ಮದೇ ಅಂತ ಮೂವರೂ ಹೇಳ್ತಾರೆ, ತಮಾಷೆ ಏನಪ್ಪಾ ಅಂದ್ರೆ ಮೂರೂ ಬೇರೆ ಬೇರೆ ಕಾಲದ ಕಥೆಗಳು, ಒಂದಕ್ಕೂ ಇನ್ನೊಂದಕ್ಕೂ ನೂರಾರು ವರ್ಷ ಅಂತರ ಇದೆ.

ಹಳೇ ಗ್ರೀಕ್ ಕವಿ ಹೋಮರ್‌ನಲ್ಲಿ ಬರೋದು ಬರೀ ಗೊರ್ಗನ್ ಅನ್ನೋ ಭಯಂಕರ ತಲೆ. ಹೆಸರು, ಅಪ್ಪ ಅಮ್ಮ ಎಲ್ಲ ಸಿಗೋದು ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್ ಹತ್ರ. ಸಮುದ್ರದ ಫೋರ್ಕಿಸ್, ಕೀಟೋ ದಂಪತಿಗೆ ಸ್ಥೆನ್ನೋ, ಯೂರಿಯಾಲೆ, ಮೆಡೂಸಾ ಅಂತ ಮೂರು ಹೆಣ್ಣುಮಕ್ಕಳು, ಇವರೇ ಗೊರ್ಗನ್‌ಗಳು. ಮೊದಲಿಬ್ಬರಿಗೆ ಸಾವೂ ಇಲ್ಲ ಮುಪ್ಪೂ ಇಲ್ಲ, ಮೆಡೂಸಾಗೆ ಮಾತ್ರ ಸಾವಿದೆ, ಯಾಕೆ ಅಂತ ಅವನು ಹೇಳಲ್ಲ. ಸಮುದ್ರದೇವ ಪೊಸೈಡನ್ ಅವಳ ಜೊತೆ ಮಲಗಿದ್ದು ಮೆತ್ತನೆ ಹುಲ್ಲುಗಾವಲಲ್ಲಿ, ವಸಂತದ ಹೂಗಳ ಮಧ್ಯೆ. ದೇವಸ್ಥಾನ ಇಲ್ಲ, ಶಾಪ ಇಲ್ಲ, ತಲೆ ಮೇಲೆ ಹಾವಿದೆ ಅನ್ನೋ ಮಾತೂ ಆ ಸಾಲುಗಳಲ್ಲಿಲ್ಲ. ಪರ್ಸಿಯಸ್ ಅನ್ನೋ ವೀರ ಅವಳ ತಲೆ ಕಡಿದ, ಅವಳ ಮಕ್ಕಳಾದ ಕುದುರೆ ಪೆಗಾಸಸ್ಸೂ ಕ್ರೈಸಾರೂ ಹೊರಗೆ ಬಂದ್ರು, ಅಷ್ಟೇ.

ಕಲೆಯಲ್ಲಿ ಅವಳು ಶುರುವಾಗಿದ್ದು ನಮ್ಮ ದೃಷ್ಟಿಬೊಂಬೆ ಥರ. ನಾಲಿಗೆ ಚಾಚಿ, ಕೋರೆಹಲ್ಲು ಬಿಟ್ಟುಕೊಂಡು ನೇರ ನಮ್ಮನ್ನೇ ನೋಡೋ ಮುಖ, ಗುರಾಣಿ ಮೇಲೆ, ಗುಡಿ ಚಾವಣಿ ಮೇಲೆ, ವೈನ್ ಕುಡಿಯೋ ಬಟ್ಟಲಿನ ಒಳಗೂ. ಕೋರ್ಫು ದ್ವೀಪದ ಆರ್ಟೆಮಿಸ್ ಗುಡಿಯಲ್ಲಿ, ಸುಮಾರು ಕ್ರಿ.ಪೂ. 580ರದ್ದು, ಸೊಂಟಕ್ಕೆ ಎರಡು ಹಾವನ್ನ ಬೆಲ್ಟ್ ಥರ ಗಂಟು ಹಾಕ್ಕೊಂಡು ನಿಂತಿದಾಳೆ, ಅಕ್ಕಪಕ್ಕದಲ್ಲಿ ಮಕ್ಕಳು, ತಲೆ ಇನ್ನೂ ಕತ್ತಿನ ಮೇಲೇ ಇದೆ! ಆಮೇಲೆ ನೂರು ವರ್ಷದಲ್ಲಿ ರೂಪ ಬದಲಾಗುತ್ತೆ. ಕ್ರಿ.ಪೂ. 490ರ ಒಂದು ಹಾಡಲ್ಲಿ ಕವಿ ಪಿಂಡಾರ್ ಅವಳನ್ನ ಚೆಂದದ ಕೆನ್ನೆಯವಳು ಅಂತಾನೆ, 450ರ ಸುಮಾರಿನ ಒಂದು ಜಾಡಿ ಮೇಲೆ ಮುದ್ದಾದ ಹುಡುಗಿ ನಿದ್ದೆ ಮಾಡ್ತಿದಾಳೆ, ಪರ್ಸಿಯಸ್ ಮುಖ ಆ ಕಡೆ ತಿರುಗಿಸಿಕೊಂಡು ಕತ್ತಿಗೆ ಕುಡುಗೋಲು ಹಾಕ್ತಿದಾನೆ. ಹಾವಿನ ಕೂದಲೂ ಅಷ್ಟೊತ್ತಿಗೆ ಬಂದಾಗಿತ್ತು. ಇಷ್ಟು ಚೆಂದ ಇದ್ದವಳಿಗೆ ಹಾವು ಹೆಂಗೆ ಬಂತು ಅಂತ ಯಾರೋ ಒಬ್ರು ಕೇಳ್ಲೇಬೇಕಿತ್ತು ಅಲ್ವಾ.

ಕೇಳಿಸಿದವನು ರೋಮ್‌ನ ಕವಿ ಓವಿಡ್, ಕ್ರಿ.ಶ. 8ರ ಆಸುಪಾಸಲ್ಲಿ, 15 ಭಾಗದ ಮೆಟಮಾರ್ಫೋಸೀಸ್ ಕಾವ್ಯದ ನಾಲ್ಕನೇ ಭಾಗದ ಕೊನೇಲಿ, ಹೆಚ್ಚುಕಮ್ಮಿ ಹತ್ತೇ ಹತ್ತು ಸಾಲಲ್ಲಿ. ಸೀನ್ ಏನು ಅಂದ್ರೆ, ಪರ್ಸಿಯಸ್‌ಗೂ ಆಂಡ್ರೊಮೆಡಾಗೂ ಮದುವೆ ಊಟ ನಡೀತಿದೆ, ಒಬ್ಬ ದೊಡ್ಡಮನುಷ್ಯ ಕೇಳ್ತಾನೆ, ಅಕ್ಕತಂಗಿಯರಲ್ಲಿ ಇವಳೊಬ್ಬಳಿಗೇ ಯಾಕೆ ಹಾವಿನ ಕೂದಲು ಅಂತ. ಪರ್ಸಿಯಸ್ ಹೇಳ್ತಾನೆ, ಅವಳು ಭಾರಿ ಚೆಲುವೆ, ಅದರಲ್ಲೂ ಕೂದಲು, ಅದನ್ನ ನೋಡಿದೀನಿ ಅಂದವನೊಬ್ಬ ನಂಗೇ ಸಿಕ್ಕಿದ್ದ. ಸಮುದ್ರದ ಒಡೆಯ ಅವಳನ್ನ ಮಿನರ್ವಾ (ರೋಮನ್ನರಲ್ಲಿ ಅಥೀನಾ ಹೆಸರು) ಗುಡಿಯಲ್ಲಿ ಕೆಡಿಸಿದನಂತೆ. ದೇವಿ ಮುಖ ತಿರುಗಿಸಿ ಕಣ್ಣು ಮುಚ್ಕೊಂಡಳು, ಶಿಕ್ಷೆ ಆಗದೆ ಹೋಗಬಾರದು ಅಂತ ಕೂದಲನ್ನ ಹಾವು ಮಾಡಿದಳು.

ಇಲ್ಲಿ ಎರಡು ಪದ ನೋಡ್ಬೇಕು. ಲ್ಯಾಟಿನ್‌ನಲ್ಲಿರೋ ಕ್ರಿಯಾಪದಕ್ಕೆ ನಮ್ಮ ‘ಕೆಡಿಸು’ ಸರಿಯಾಗಿ ಕೂರುತ್ತೆ, ಹಾಳು ಮಾಡೋದು ಅನ್ನೋ ಅರ್ಥವೂ ಇದೆ, ಹೆಣ್ಣಿನ ವಿಷಯದಲ್ಲಿ ನಾವು ತಗ್ಗಿದ ದನಿಯಲ್ಲಿ ಹೇಳೋ ಅರ್ಥವೂ ಇದೆ. ಇಂಗ್ಲಿಷಿನ ಹಳೇ ಅನುವಾದವೊಂದರಲ್ಲಿ ಅದು ಅವಳ ಪ್ರೀತಿ ಪಡೆದ ಅಂತ ಆಗಿಬಿಟ್ಟಿದೆ. ಎರಡನೇದು ‘ಡೀಕಿತುರ್’, ಅಂದ್ರೆ ‘ಅಂತೆ’. ಪರ್ಸಿಯಸ್ ತಾನು ಕಂಡಿದ್ದನ್ನ ಹೇಳ್ತಿಲ್ಲ, ಕೇಳಿದ್ದನ್ನ ಹೇಳ್ತಿದಾನೆ, ಅದೂ ಅವಳ ತಲೆ ಕಡಿದವನ ಬಾಯಲ್ಲಿ! ಇಷ್ಟು ಜಾಣತನದಿಂದ ಇಟ್ಟ ಒಂದು ‘ಅಂತೆ’ಯನ್ನ ಎಲ್ಲರೂ ಬಿಟ್ಟು ಓದಿದ್ರು ಅನ್ನೋದೇ ನಂಗೆ ಬೇಜಾರು.

ಆಮೇಲಿಂದು ಬೇಗ ಹೇಳಿಬಿಡ್ತೀನಿ. ಅಪೊಲ್ಲೊಡೋರಸ್ ಹೆಸರಲ್ಲಿರೋ ಗ್ರೀಕ್ ಸಂಗ್ರಹದಲ್ಲಿ ಗೊರ್ಗನ್‌ಗಳಿಗೆ ಹಂದಿ ಕೋರೆ, ಕಂಚಿನ ಕೈ, ಚಿನ್ನದ ರೆಕ್ಕೆ, ಜೊತೆಗೆ ಮೆಡೂಸಾ ಚೆಲುವಲ್ಲಿ ಅಥೀನಾಗೆ ಪೈಪೋಟಿ ಕೊಟ್ಟಿದ್ದಳು ಅಂತ ಕೆಲವರು ಹೇಳ್ತಾರೆ ಅನ್ನೋ ಒಂದು ಮಾತು. 1554ರಲ್ಲಿ ಫ್ಲಾರೆನ್ಸ್ ಚೌಕದಲ್ಲಿ ಚೆಲ್ಲಿನಿಯ ಕಂಚಿನ ಪರ್ಸಿಯಸ್ ತಲೆ ಎತ್ತಿ ಹಿಡ್ಕೊಂಡು ನಿಂತ. 2008ರಲ್ಲಿ ಗರ್ಬಾಟಿ ಅನ್ನೋ ಶಿಲ್ಪಿ ಅದನ್ನ ಉಲ್ಟಾ ಮಾಡಿ ಮೆಡೂಸಾ ಕೈಗೆ ಪರ್ಸಿಯಸ್ ತಲೆ ಕೊಟ್ಟ, 2020ರಲ್ಲಿ ಅದರ ದೊಡ್ಡ ಕಂಚಿನ ಪ್ರತಿ ನ್ಯೂಯಾರ್ಕ್‌ನ ಕ್ರಿಮಿನಲ್ ಕೋರ್ಟ್ ಎದುರಿಗೆ ಬಂತು.

ರಕ್ಷಣೆ ಅನ್ನೋ ಕಥೆ ಹುಟ್ಟಿದ್ದು ಈ ನಮ್ಮ ಕಾಲದಲ್ಲೇ, ಹಳೇ ಗ್ರೀಕ್ ಲ್ಯಾಟಿನ್ ಪುಸ್ತಕ ಯಾವುದರಲ್ಲೂ ಅದು ಇಲ್ಲ. ಇವತ್ತಿನವರಿಗೆ ಆ ಕಥೆ ಯಾಕೆ ಬೇಕು ಅಂತ ಅರ್ಥ ಆಗುತ್ತೆ, ಹೊಸ ಕಥೆ ಕಟ್ಟೋದು ತಪ್ಪೂ ಅಲ್ಲ, ಓವಿಡ್ ಮಾಡಿದ್ದೂ ಅದನ್ನೇ. ಆದ್ರೆ ಹಳೇ ಸೀಲ್ ಒತ್ತಿ ಮಾರೋದು ಬೇರೆ. ಅಪೊಲ್ಲೊಡೋರಸ್‌ನಲ್ಲಿ ಪರ್ಸಿಯಸ್ ಗುರಾಣಿಯಲ್ಲಿ ಪ್ರತಿಬಿಂಬ ನೋಡ್ಕೊಂಡು ಕತ್ತು ಕಡಿಯುವಾಗ ಅವನ ಕೈ ಹಿಡಿದು ನಡೆಸಿದ್ದು ಇದೇ ಅಥೀನಾ.

ಆ ಮದುವೆ ಊಟದಲ್ಲಿ ಮುಂದಿನ ಪ್ರಶ್ನೆ ಕೇಳೋಕೆ ಯಾರಿಗೂ ಪುರುಸೊತ್ತು ಸಿಗಲಿಲ್ಲ. ಐದನೇ ಭಾಗ ಶುರುವಾಗ್ತಿದ್ದ ಹಾಗೆ ಆಂಡ್ರೊಮೆಡಾಳನ್ನ ಮದುವೆ ಆಗಬೇಕಿದ್ದ ಫಿನಿಯಸ್ ಗುಂಪು ಕಟ್ಕೊಂಡು ನುಗ್ಗಿದ, ಪರ್ಸಿಯಸ್ ಮೆಡೂಸಾ ತಲೆ ಎತ್ತಿ ತೋರಿಸಿದ, 200 ಜನ ನಿಂತಲ್ಲೇ ಕಲ್ಲಾದ್ರು.