ಸದ್ದಾಂ ತಲೆ ಬಗ್ಗಿಸಲಿಲ್ಲ, ನಿಜ. ಅದು ಧೈರ್ಯವಾ?

ಪ್ರಶ್ನೆ: ಇರಾಕಿನ ಸರ್ವಾಧಿಕಾರಿಯಾಗಿದ್ದ ಸದ್ದಾಂ ಹುಸೇನ್‌ನನ್ನು ಗಲ್ಲಿಗೇರಿಸುವ ವಿಡಿಯೊ ಆಗಾಗ ಫೋನಿಗೆ ಬರುತ್ತಿರುತ್ತದೆ. ಮುಖಕ್ಕೆ ಮುಸುಕು ಬೇಡ ಅಂದ, ಹೆದರದೆ ನಿಂತ. ಆತ ಕ್ರೂರಿ ಅಂತ ಗೊತ್ತು. ಆದರೂ ನೋಡಿದಾಗ ಏನೋ ಒಂಥರಾ ಗೌರವ ಹುಟ್ಟುತ್ತದೆ. ಇದು ತಪ್ಪಾ? ಆತನ ಗಟ್ಟಿತನದಿಂದ ನಮ್ಮ ಬದುಕಿಗೆ ಕಲಿಯುವುದು ಏನಾದರೂ ಇದೆಯಾ?

ಉತ್ತರ: ತಪ್ಪಲ್ಲ. ಸಾವಿನ ಎದುರು ಕಾಲು ನಡುಗದೆ ನಿಂತವರನ್ನು ಕಂಡರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಕನ್ನಡದ ನಮಗಂತೂ ಇದು ಹೊಸದಲ್ಲ. ದುರ್ಯೋಧನ ಮಾಡಿದ್ದು ಅನ್ಯಾಯ ಅಂತ ಗೊತ್ತಿದ್ದೂ ಅವನ ಛಲಕ್ಕೆ ತಲೆದೂಗುತ್ತ ಬಂದವರು ನಾವು. ಎಲ್ಲರನ್ನೂ ಕಳೆದುಕೊಂಡು ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಬಿರುನುಡಿ ತಡೆಯಲಾರದೆ ಎದ್ದು ಬರುತ್ತಾನಲ್ಲ, ಆ ಪ್ರಸಂಗಕ್ಕೆ ಯಕ್ಷಗಾನದಲ್ಲಿ ಜನ ಈಗಲೂ ನಿದ್ದೆಗೆಟ್ಟು ಕಾಯುತ್ತಾರೆ.

ಆದರೆ ನಿಮ್ಮ ಫೋನಿಗೆ ಬರುವುದು ಕೆಲವೇ ನಿಮಿಷಗಳ ವಿಡಿಯೊ. ಅದರ ಹಿಂದಿನ ಕಥೆ ಉದ್ದ ಇದೆ.

ಸದ್ದಾಂ ಕೂಡ ಅಡಗಿ ಕೂತಿದ್ದ. 2003ರ ಡಿಸೆಂಬರ್ 13ರಂದು ತಿಕ್ರಿತ್ ಹತ್ತಿರದ ಅದ್ ದೌರ್ ಎಂಬಲ್ಲಿ, ಒಂದು ತೋಟದ ಮನೆಯ ಬಳಿ, ಒಬ್ಬ ಮನುಷ್ಯ ಮಲಗುವಷ್ಟೇ ಜಾಗವಿದ್ದ ಗುಂಡಿಯಲ್ಲಿ ಅಮೆರಿಕದ ಸೈನಿಕರಿಗೆ ಸಿಕ್ಕಿಬಿದ್ದ. ಜೊತೆಯಲ್ಲಿ ಪಿಸ್ತೂಲು ಇತ್ತು. ಒಂದು ಗುಂಡೂ ಹಾರಿಸಲಿಲ್ಲ. ಹೊರಗೆ ಬಂದು, ತಾನು ಇರಾಕಿನ ಅಧ್ಯಕ್ಷ, ಮಾತುಕತೆಗೆ ಸಿದ್ಧ ಎಂದ. ಅದಕ್ಕೆ ಐದು ತಿಂಗಳ ಹಿಂದಷ್ಟೇ ಮೊಸುಲ್‌ನಲ್ಲಿ ಆತನ ಇಬ್ಬರು ಗಂಡುಮಕ್ಕಳು, ಉದಯ್ ಮತ್ತು ಖುಸೈ, ಗುಂಡಿನ ಕಾಳಗದಲ್ಲಿ ಸತ್ತಿದ್ದರು. ಹದಿಹರೆಯದ ಮೊಮ್ಮಗನೂ ಅಲ್ಲೇ ಸತ್ತ. ಗುಂಡಿಯಿಂದ ಸುಮ್ಮನೆ ಹೊರಬಂದದ್ದಕ್ಕೆ ನಾನು ಸದ್ದಾಂನನ್ನು ಹಂಗಿಸುವುದಿಲ್ಲ. ಬದುಕುವ ಆಸೆ ಎಲ್ಲರಿಗೂ ಇರುತ್ತದೆ. ಗಲ್ಲಿನ ಹತ್ತಿರ ಕಂಡ ಗಟ್ಟಿತನ ಎಷ್ಟು ನಿಜವೋ ಇದೂ ಅಷ್ಟೇ ನಿಜ ಅಂತ ಮಾತ್ರ ಹೇಳುತ್ತಿದ್ದೇನೆ.

ಆಮೇಲೆ ನ್ಯಾಯಾಲಯ. 2005ರ ಅಕ್ಟೋಬರ್ 19ರಂದು ಬಗ್ದಾದ್‌ನಲ್ಲಿ ವಿಚಾರಣೆ ಶುರುವಾಯಿತು. ನ್ಯಾಯಾಧೀಶರು ಹೆಸರು ಕೇಳಿದರೆ ಸದ್ದಾಂ ಹೇಳಲಿಲ್ಲ. ನೀವು ಯಾರು ಅಂತ ಅವರನ್ನೇ ಕೇಳಿದ. ಮುಂದೆಯೂ ಅದೇ ವರಸೆ. ಕೂಗಾಡಿದ, ಎದ್ದು ಹೋದ, ಉಪವಾಸ ಕೂತ. ಟಿವಿಯಲ್ಲಿ ನೋಡಿದ ಎಷ್ಟೋ ಜನ, ಅವನನ್ನು ದ್ವೇಷಿಸುತ್ತಿದ್ದವರು ಕೂಡ, 'ಗಂಡೆದೆ' ಅಂದಿರಬೇಕು.

ಆದರೆ ಆ ಮೊಕದ್ದಮೆ ಯಾವುದರ ಬಗ್ಗೆ ಇತ್ತು ಅನ್ನುವುದು ಜಾಸ್ತಿ ಜನಕ್ಕೆ ನೆನಪಿಲ್ಲ. ದುಜೈಲ್ ಅಂತ ಒಂದು ಊರು. ಬಗ್ದಾದ್‌ನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಸುತ್ತ ಹಣ್ಣಿನ ತೋಟ, ಖರ್ಜೂರದ ಮರ. 1982ರ ಜುಲೈ 8ರಂದು ಸದ್ದಾಂ ಅಲ್ಲಿಗೆ ಹೋಗಿದ್ದಾಗ ತೋಟದ ಮರೆಯಿಂದ ಕೆಲವರು ಆತನ ವಾಹನಗಳ ಮೇಲೆ ಗುಂಡು ಹಾರಿಸಿದರು. ಸದ್ದಾಂಗೆ ಏನೂ ಆಗಲಿಲ್ಲ. ಊರು ಮಾತ್ರ ಉಳಿಯಲಿಲ್ಲ. ನೂರಾರು ಜನರನ್ನು ಎಳೆದೊಯ್ದರು. ಹೆಂಗಸರು, ಮಕ್ಕಳು ವರ್ಷಗಟ್ಟಲೆ ಮರುಭೂಮಿಯ ಶಿಬಿರದಲ್ಲಿ ಕಳೆದರು. ತೋಟಗಳನ್ನು ನೆಲಸಮ ಮಾಡಿದರು. 148 ಗಂಡಸರಿಗೆ ಮರಣದಂಡನೆ ಆಯಿತು. ಅವರಲ್ಲಿ ಹುಡುಗರೂ ಇದ್ದರು. ತೀರ್ಪು ಬರುವ ಮೊದಲೇ ಚಿತ್ರಹಿಂಸೆಯಲ್ಲಿ ಸತ್ತವರ ಹೆಸರೂ ಆ ಪಟ್ಟಿಯಲ್ಲಿತ್ತು.

2006ರ ಮಾರ್ಚ್ 1ರಂದು ಸದ್ದಾಂ ನ್ಯಾಯಾಲಯದಲ್ಲಿ ಇದರಲ್ಲಿ ತನ್ನ ಪಾತ್ರ ಒಪ್ಪಿಕೊಂಡ. ಅವರನ್ನು ವಿಚಾರಣೆಗೆ ಕಳಿಸಿದ್ದು ನಾನೇ, ತೋಟ ಕಡಿಸಿದ್ದೂ ನಾನೇ, ಹೊಣೆ ನನ್ನದು, ಉಳಿದವರನ್ನು ಯಾಕೆ ಹಿಡಿದಿದ್ದೀರಿ ಎಂದ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೈಕೆಳಗಿನವರ ಮೇಲೆ ಹಾಕಿ ಜಾರಿಕೊಳ್ಳಲಿಲ್ಲವಲ್ಲ, ಇದು ದೊಡ್ಡತನ ಅಲ್ವಾ ಅನ್ನಿಸಿತು. ಆದರೆ ಅದೇ ಉಸಿರಿನಲ್ಲಿ ಆತ ಕೇಳಿದ ಇನ್ನೊಂದು ಮಾತಿದೆ: ಇದರಲ್ಲಿ ಅಪರಾಧ ಎಲ್ಲಿದೆ? ನಾನು ಮಾಡಿದೆ ಅಂತ ಹೇಳಲು ಬಂತು. ಮಾಡಿದ್ದು ತಪ್ಪು ಅನ್ನಲು ಬರಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಧೈರ್ಯಕ್ಕೂ ಮೊಂಡುತನಕ್ಕೂ ನೋಡಲು ಒಂದೇ ಮುಖ. ಎರಡೂ ತಲೆ ಎತ್ತಿ ನಿಲ್ಲುತ್ತವೆ, ಎರಡೂ ಗಟ್ಟಿಯಾಗಿ ಮಾತಾಡುತ್ತವೆ. ಆದರೆ ಧೈರ್ಯ ಇರುವವನು ಒಂದು ದಿನ ತನ್ನ ಕಡೆಗೂ ತಿರುಗಿ ನೋಡುತ್ತಾನೆ. ಸದ್ದಾಂ ಅಮೆರಿಕವನ್ನು ಎದುರಿಸಿದ, ನ್ಯಾಯಾಧೀಶರನ್ನು ಎದುರಿಸಿದ, ಸಾವನ್ನೂ ಎದುರಿಸಿದ. ದುಜೈಲಿನ ಆ ಪಟ್ಟಿಯನ್ನು ಎದುರಿಸಲಿಲ್ಲ.

ನಮ್ಮ ಮನೆಯ ಮಾತು ಹೇಳುತ್ತೇನೆ. ದೊಡ್ಡಪ್ಪ ಒಬ್ಬರಿದ್ದರು. ಬದುವಿನ ಜಗಳದಲ್ಲಿ ಸ್ವಂತ ತಮ್ಮನ ಜೊತೆ ಮಾತು ಬಿಟ್ಟವರು ಕೊನೆವರೆಗೂ ಬಿಟ್ಟೇ ಇದ್ದರು. ತಮ್ಮ ತೀರಿಕೊಂಡಾಗಲೂ ಹೋಗಲಿಲ್ಲ. 'ಛಲದ ಮನುಷ್ಯ' ಅಂತ ಊರವರು ಹೊಗಳುತ್ತಿದ್ದರು. ಅಳತೆ ಮಾಡಿಸಿದಾಗ ಬದು ತಾವೇ ಒತ್ತಿದ್ದು ಅಂತ ಅವರಿಗೂ ಗೊತ್ತಾಗಿತ್ತು. ಅವರನ್ನು ಸರ್ವಾಧಿಕಾರಿಗೆ ಹೋಲಿಸುತ್ತಿಲ್ಲ, ಖಂಡಿತ ಇಲ್ಲ. ಆದರೆ 'ನಂದು ತಪ್ಪಾಯ್ತು' ಅನ್ನುವ ಎರಡು ಮಾತು ಮನುಷ್ಯನಿಗೆ ಎಷ್ಟು ಭಾರ ಅಂತ ನಾನು ಮೊದಲು ಕಂಡದ್ದು ಅವರಲ್ಲಿ.

ಇನ್ನು, ಬಗ್ಗದೆ ಇರುವುದರ ಖರ್ಚು ಯಾರ ಲೆಕ್ಕಕ್ಕೆ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಸೆರೆಸಿಕ್ಕ ಮೇಲೆ ಸದ್ದಾಂ ಜೊತೆ ತಿಂಗಳುಗಟ್ಟಲೆ ಮಾತಾಡಿದ್ದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಜಾರ್ಜ್ ಪೀರೋ. ಅವರಿಗೆ ಅರಬ್ಬಿ ಬರುತ್ತಿತ್ತು. ಮಹಾಮಾರಕ ಆಯುಧ (ಅಣುಬಾಂಬ್, ವಿಷಾನಿಲದಂಥವು) ತನ್ನ ಬಳಿ ಇಲ್ಲ ಅಂತ ಯಾಕೆ ಪೂರ್ತಿ ಬಿಚ್ಚಿ ತೋರಿಸಲಿಲ್ಲ ಅನ್ನುವುದಕ್ಕೆ ಸದ್ದಾಂ ಕೊಟ್ಟ ಕಾರಣ ಇರಾನ್. ಎಂಟು ವರ್ಷ ಯುದ್ಧ ಮಾಡಿದ ನೆರೆಯ ದೇಶಕ್ಕೆ ತನ್ನ ಕೈ ಬರಿದಾಗಿದೆ ಅಂತ ಗೊತ್ತಾಗಬಾರದಿತ್ತು. ಇಲ್ಲದ ಆಯುಧದ ಅನುಮಾನವನ್ನು ಹಾಗೇ ಬಿಟ್ಟ. ಅಮೆರಿಕ ದಾಳಿಗೆ ಕೊಟ್ಟ ಕಾರಣವೂ ಅದೇ. 2003ರ ಮಾರ್ಚ್‌ನಲ್ಲಿ ದೇಶ ಬಿಡಲು ಅಮೆರಿಕ 48 ಗಂಟೆ ಗಡುವು ಕೊಟ್ಟಾಗಲೂ ಜಗ್ಗಲಿಲ್ಲ. ದಾಳಿ ಮಾಡಿದ್ದು ಅಮೆರಿಕ, ಅದರ ಹೊಣೆ ಅಮೆರಿಕದ್ದೇ. ಆದರೆ ಸದ್ದಾಂ ಬೀರಿದ ಬಿಗುಮಾನಕ್ಕೆ ಬೆಲೆ ತೆತ್ತವರು ಬಗ್ದಾದ್, ಬಸ್ರಾದ ಸಾಮಾನ್ಯ ಜನ. ಅವರನ್ನು ಯಾರೂ ಕೇಳಿರಲಿಲ್ಲ.

ಬೇಡ ಅನ್ನುವವರಾದರೂ ಯಾರಿದ್ದರು? 1979ರ ಜುಲೈನಲ್ಲಿ ಅಧ್ಯಕ್ಷನಾದ ಕೆಲವೇ ದಿನಕ್ಕೆ ಸದ್ದಾಂ ತನ್ನ ಬಾತ್ ಪಕ್ಷದವರ ಸಭೆ ಕರೆದ. ಅಲ್ಲಿ 'ದ್ರೋಹಿಗಳ' ಹೆಸರು ಒಂದೊಂದಾಗಿ ಓದಿಸಿದರು. ಹೆಸರು ಬಂದವರನ್ನು ಹೊರಗೆ ಕರೆದೊಯ್ದರು. ಸದ್ದಾಂ ಚುರುಟು ಸೇದುತ್ತ ನೋಡುತ್ತಿದ್ದ. ಆಮೇಲೆ ಅವರಲ್ಲಿ ಹಲವರನ್ನು ಕೊಂದರು. ಅಂಥ ಮನುಷ್ಯ 2005ರಲ್ಲಿ ವಕೀಲರನ್ನು ಇಟ್ಟುಕೊಂಡು, ಕ್ಯಾಮೆರಾ ಮುಂದೆ ನ್ಯಾಯಾಧೀಶರನ್ನು ಗದರಿಸಿದ. ಅಷ್ಟು ಮಾತಾಡುವ ಅವಕಾಶ ಆ 148 ಜನಕ್ಕೆ ಸಿಕ್ಕಿರಲಿಲ್ಲ.

ಹಾಗಾದರೆ ಆ ವಿಡಿಯೊದಲ್ಲಿ ಗೌರವ ಯಾಕೆ ಹುಟ್ಟುತ್ತದೆ? ಅದಕ್ಕೆ ಗಲ್ಲಿಗೇರಿಸಿದವರೂ ಕಾರಣ. 2006ರ ನವೆಂಬರ್ 5ರಂದು ತೀರ್ಪು, ಡಿಸೆಂಬರ್ 30ರಂದು ಗಲ್ಲು. ಅದೂ ಬಕ್ರೀದ್ ದಿನ ಬೆಳಗ್ಗೆ. ಕುತ್ತಿಗೆಗೆ ಹಗ್ಗ ಬಿದ್ದ ಮನುಷ್ಯನನ್ನು ಸುತ್ತ ನಿಂತವರು ಕೂಗಿ ಅಣಕಿಸಿದರು. ಯಾರೋ ಮೊಬೈಲಿನಲ್ಲಿ ಕದ್ದು ಚಿತ್ರೀಕರಿಸಿದರು. ನ್ಯಾಯ ನಡೆಯಬೇಕಾದ ಜಾಗದಲ್ಲಿ ಸೇಡು ನಡೆದಂತೆ ಕಂಡಿತು, ಆ ಗದ್ದಲದ ನಡುವೆ 69ರ ಮುದುಕ ಒಬ್ಬನೇ ಘನವಾಗಿ ಕಂಡ. ದೂರದ ಬೆಂಗಳೂರಿನಲ್ಲೂ 2007ರ ಜನವರಿಯಲ್ಲಿ ಗಲ್ಲಿನ ವಿರುದ್ಧ ಮೆರವಣಿಗೆ ನಡೆಯಿತು. ಅದರ ಬೆನ್ನಿಗೆ ಶಿವಾಜಿನಗರದ ಕಡೆ ಗಲಭೆಯೂ ಆಯಿತು.

ಆ ಅವಸರದಿಂದ ಇನ್ನೊಂದು ನಷ್ಟವೂ ಆಯಿತು. ಉತ್ತರ ಇರಾಕಿನ ಕುರ್ದ್ ಜನರನ್ನು ಸಾಮೂಹಿಕವಾಗಿ ಕೊಂದ ಅನ್ಫಾಲ್ ಸೇನಾ ಕಾರ್ಯಾಚರಣೆಯ ವಿಚಾರಣೆ ಆಗ ಅರ್ಧದಲ್ಲಿತ್ತು. ಸದ್ದಾಂ ಮೇಲೆ ಅದರ ತೀರ್ಪು ಬರಲೇ ಇಲ್ಲ. 1988ರಲ್ಲಿ ವಿಷಾನಿಲಕ್ಕೆ ಸಾವಿರಾರು ಜನ ಸತ್ತ ಕುರ್ದ್ ಊರು ಹಲಬ್ಜಾದ ಬಗ್ಗೆಯೂ ಆತ ಉತ್ತರ ಕೊಡಬೇಕಾಗಿ ಬರಲಿಲ್ಲ.

ಗಟ್ಟಿತನ ಕಲಿಯಲೇಬೇಕು ಅಂತಿದ್ದರೆ ಅದೇ ನ್ಯಾಯಾಲಯದ ಬೇರೆ ದೃಶ್ಯಗಳಿವೆ. 2005ರ ಡಿಸೆಂಬರ್ ಮೊದಲ ವಾರದ್ದು ನೋಡಿ. ಮೊದಲ ಸಾಕ್ಷಿ ದುಜೈಲಿನವರು. ಊರನ್ನು ಎಳೆದೊಯ್ದಾಗ ಅವರಿಗೆ 15 ವರ್ಷ. ಸದ್ದಾಂ ಜೊತೆಗಿನ ಆರೋಪಿಗಳ ವಕೀಲರನ್ನೇ ಹೊರಗೆ ಗುಂಡಿಟ್ಟು ಕೊಲ್ಲುತ್ತಿದ್ದ ದಿನಗಳು ಅವು. ಆ ಮನುಷ್ಯ ಮುಖ ಮುಚ್ಚಿಕೊಳ್ಳದೆ ನಿಂತು, ತಾನು ಕಂಡದ್ದನ್ನು ಸದ್ದಾಂ ಎದುರಿಗೇ ಹೇಳಿದರು. ಮರುದಿನ ಒಬ್ಬ ಹೆಣ್ಣುಮಗಳು ಪರದೆಯ ಹಿಂದೆ ಕೂತರು. ಗುರುತು ಸಿಗದಿರಲೆಂದು ದನಿ ಬದಲಿಸಿದ್ದರು. ಹದಿಹರೆಯದಲ್ಲಿ ಹಿಡಿದೊಯ್ದವರು ತನಗೆ ಏನು ಮಾಡಿದರು ಅನ್ನುವುದನ್ನು ಅಳುತ್ತ, ನಡುನಡುವೆ ನಿಲ್ಲಿಸುತ್ತ ಹೇಳಿದರು. ಆ ದನಿ ನಡುಗುತ್ತಿತ್ತು. ಆದರೂ ಹೇಳಿದರು.